ವೈಬ್ರೇಷನ್ ಮೆಷಿನ್ ತರಿಸುವ ಮೊದಲು ಒಂದು ಗಟ್ಟಿ ಕುರ್ಚಿ ಹುಡುಕಿ

ತಿಂಗಳಿಗೆ ನಾಲ್ಕೈದು ಸಲವಾದರೂ ನನಗೆ ಬರುವ ಪ್ರಶ್ನೆ ಇದು: "ಅಮ್ಮನಿಗೆ ಎಪ್ಪತ್ತು ದಾಟಿದೆ. ನಡೆಯುವಾಗ ಜೋಲಿ ಹೊಡೀತಾರೆ. ಮೇಲೆ ನಿಂತ್ಕೊಂಡ್ರೆ ಅಲುಗಾಡುತ್ತಲ್ಲ, ಆ ಮೆಷಿನ್ ತರಿಸಿಬಿಡ್ಲಾ?" ಕೇಳುವವರು ಹೆಚ್ಚಾಗಿ ಮಕ್ಕಳು. ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುತ್ತಾರೆ, ಅಪ್ಪ ಅಮ್ಮ ಊರಲ್ಲಿ. ಅಷ್ಟು ದೂರದಿಂದ ಮಾಡಲಾಗುವುದು ಅಂದರೆ ಆರ್ಡರ್ ಹಾಕುವುದು. ಹಾಗಾಗಿ ಮೊದಲು ಅದೇ ತೋಚುತ್ತದೆ.

ನಾನು ಫಿಸಿಯೋಥೆರಪಿಸ್ಟ್. ಮೆಷಿನ್ ಬೇಡವೇ ಬೇಡ ಅನ್ನುವವಳಲ್ಲ. ಆದರೆ ನಿಮ್ಮ ಮನೆಯಲ್ಲಿ ಗಟ್ಟಿ ಕುರ್ಚಿ, ಅಡುಗೆ ಕಟ್ಟೆ, ಖಾಲಿ ಗೋಡೆ ಇದ್ದರೆ ಕೆಲಸದ ಮುಕ್ಕಾಲು ಭಾಗ ಅಲ್ಲೇ ಆಗುತ್ತದೆ. ಮೆಷಿನ್ ಬಂದರೂ ಅದರ ಮೇಲೆ ನಿಂತು ಮಾಡಬೇಕಾದ್ದು ಇದೇ ವ್ಯಾಯಾಮ. ಸುಮ್ನೆ ನಿಂತು ಅಲುಗಾಡಿಸಿಕೊಂಡು ಇಳಿದರೆ ಬ್ಯಾಲೆನ್ಸ್ ತಾನಾಗಿ ಬಂದುಬಿಡುವುದಿಲ್ಲ.

ಈ ಲೇಖನ ಓದುತ್ತಿರುವವರು ಹಿರಿಯರೇ ಆಗಿರಬಹುದು, ಅವರ ಮಕ್ಕಳೂ ಆಗಿರಬಹುದು. ಇಬ್ಬರಿಗೂ ಸೇರಿಸಿ "ನೀವು" ಅಂತಲೇ ಬರೆಯುತ್ತೇನೆ.

ಮೊದಲು, ಈ ಮೆಷಿನ್ ಅಂದರೆ ಏನು?

ಮನೆಗಳಲ್ಲಿ "ವೈಬ್ರೇಷನ್" ಅಂತ ಕರೆಯುವ ವಸ್ತು ಮೂರು ನಾಲ್ಕು ಬಗೆ. ಪಾದ ಒಳಗಿಟ್ಟು ಕೂರುವ ಕಾಲು ಮಸಾಜ್ ಮೆಷಿನ್, ಕೈಯಲ್ಲಿ ಹಿಡಿದು ಒತ್ತುವ ಮಸಾಜರ್, ಸೊಂಟಕ್ಕೆ ಕಟ್ಟುವ ಬೆಲ್ಟ್ ಇವೆಲ್ಲ ಬೇರೆ. ಕಾಲು ಹಗುರ ಅನ್ನಿಸಬಹುದು, ಸಂತೋಷ. ಅವುಗಳಿಗೂ ಬ್ಯಾಲೆನ್ಸಿಗೂ ಹೆಚ್ಚಿನ ಸಂಬಂಧವಿಲ್ಲ. ನಾವು ಮಾತಾಡುತ್ತಿರುವುದು ಮೇಲೆ ನಿಲ್ಲುವ ಹಲಗೆಯ ಬಗ್ಗೆ. ಇಡೀ ಮೈ ಅಲುಗುವುದರಿಂದ ಇದನ್ನು "ಹೋಲ್ ಬಾಡಿ ವೈಬ್ರೇಷನ್" ಅನ್ನುತ್ತಾರೆ.

ಇದರಲ್ಲೂ ಎರಡು ಜಾತಿ. ಒಂದರಲ್ಲಿ ಇಡೀ ಹಲಗೆ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ಇನ್ನೊಂದು ಮಕ್ಕಳ ಏತಪಾತದ ಹಾಗೆ: ಎಡ ಮೇಲಾದಾಗ ಬಲ ಕೆಳಗೆ. ಏತಪಾತದ ಬಗೆಯಲ್ಲಿ ಅಲುಗಾಟ ಸೊಂಟದ ಹತ್ತಿರ ಬಹುಮಟ್ಟಿಗೆ ಕರಗುತ್ತದೆ, ತಲೆಗೆ ಹೋಗುವುದು ಕಡಿಮೆ. ವಯಸ್ಸಾದವರಿಗೆ ನಾನು ಇದನ್ನೇ ಆರಿಸುತ್ತೇನೆ.

ಪೆಟ್ಟಿಗೆ ಮೇಲೆ ಕಾಣುವ ಎರಡು ಲೆಕ್ಕ ಗೊತ್ತಿರಲಿ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಎಂಬುದು. ಆಂಪ್ಲಿಟ್ಯೂಡ್ ಅಂದರೆ ಪ್ರತಿ ಸಲ ಎಷ್ಟು ಮಿಲಿಮೀಟರ್ ಸರಿಯುತ್ತದೆ ಎಂಬುದು. ಬ್ಯಾಲೆನ್ಸ್ ಕುರಿತ ಸಂಶೋಧನೆಗಳಲ್ಲಿ ಸಾಮಾನ್ಯವಾಗಿ 12ರಿಂದ 40 ಹರ್ಟ್ಸ್ ಬಳಸಿದ್ದಾರೆ. ಅಗ್ಗದ ಮೆಷಿನ್‌ಗಳ ಮೇಲೆ ಹರ್ಟ್ಸ್ ಬರೆದಿರುವುದೇ ಇಲ್ಲ, "ಸ್ಪೀಡ್ 1ರಿಂದ 99" ಅಂತ ಇರುತ್ತದೆ. ಆ 99ಕ್ಕೆ ಯಾವ ಅರ್ಥವೂ ಇಲ್ಲ.

ಕೆಲಸ ಮಾಡುವುದು ಹೇಗೆ ಅಂದರೆ, ನಮ್ಮ ಸ್ನಾಯುಗಳ ಒಳಗೆ ಸಣ್ಣ ಸಣ್ಣ ಎಳೆಗಳಿವೆ. ಸ್ನಾಯು ಹಿಗ್ಗಿದ ತಕ್ಷಣ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಮರುಕ್ಷಣ ಸ್ನಾಯು ತಾನಾಗಿ ಬಿಗಿಯುತ್ತದೆ. ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ನೀವು ಯೋಚಿಸುವ ಮೊದಲೇ ಕಾಲು ಊರುತ್ತದಲ್ಲ, ಅದರಲ್ಲಿ ಈ ಸುದ್ದಿಯ ಪಾಲೂ ಇದೆ. ಹಲಗೆ ಅಲುಗಿದಾಗ ಈ ಎಳೆಗಳಿಗೆ ಸೆಕೆಂಡಿಗೆ ಹತ್ತಾರು ಸಲ ಕೆಲಸ ಬೀಳುತ್ತದೆ.

ಉಪಯೋಗ ಇದೆಯಾ?

ಇದೆ, ಆದರೆ ಜಾಹೀರಾತು ಹೇಳುವಷ್ಟಲ್ಲ. ಹಾಂಗ್‌ಕಾಂಗ್‌ನಲ್ಲಿ 60 ದಾಟಿದ 710 ಹೆಂಗಸರ ಮೇಲೆ 18 ತಿಂಗಳು ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. 35 ಹರ್ಟ್ಸ್, ತುಂಬಾ ಮೆಲುವಾದ ಅಲುಗಾಟ, ದಿನಕ್ಕೆ 20 ನಿಮಿಷ, ವಾರಕ್ಕೆ 5 ದಿನ. ಹಲಗೆ ಮೇಲೆ ನಿಂತವರಲ್ಲಿ ಬಿದ್ದವರೋ ಮೂಳೆ ಮುರಿದುಕೊಂಡವರೋ 100ಕ್ಕೆ ಸುಮಾರು 19 ಮಂದಿ. ನಿಲ್ಲದವರಲ್ಲಿ 100ಕ್ಕೆ ಸುಮಾರು 29. ಕಾಲಿನ ಬಲವೂ ಚುರುಕೂ ಸುಧಾರಿಸಿತ್ತು. ಮೂಳೆ ಮಾತ್ರ ಗಟ್ಟಿಯಾಗಿರಲಿಲ್ಲ. ಕೆನಡಾದಲ್ಲಿ 202 ಹೆಂಗಸರ ಮೇಲೆ ಒಂದು ವರ್ಷ ನಡೆದ ಇನ್ನೊಂದು ಅಧ್ಯಯನದಲ್ಲೂ ಮೂಳೆಗೆ ಲಾಭ ಕಾಣಲಿಲ್ಲ. ಹಾಗಾಗಿ "ಮೂಳೆ ಸವೆತ ವಾಸಿ" ಅಂತ ಬರೆದ ಮೆಷಿನ್ ಕಂಡರೆ ಆ ಮಾತನ್ನು ಅಲ್ಲೇ ಬಿಟ್ಟುಬಿಡಿ.

ಇನ್ನು ವ್ಯಾಯಾಮದ ಕಡೆ ನೋಡಿ. 2019ರ ಕಾಕ್ರೇನ್ ಪರಿಶೀಲನೆ 108 ಅಧ್ಯಯನಗಳನ್ನು, ಅಂದರೆ 23,000ಕ್ಕೂ ಹೆಚ್ಚು ಹಿರಿಯರ ಲೆಕ್ಕವನ್ನು ಒಟ್ಟು ಹಾಕಿತು. (ಕಾಕ್ರೇನ್ ಅಂದರೆ ಒಂದೇ ವಿಷಯದ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು ನೋಡುವ ಸಂಸ್ಥೆ.) ವ್ಯಾಯಾಮದಿಂದ ಬೀಳುವುದು ಶೇ 23ರಷ್ಟು ಕಡಿಮೆ. ಬ್ಯಾಲೆನ್ಸ್ ವ್ಯಾಯಾಮದ ಜೊತೆ ಕಾಲಿನ ಬಲದ ವ್ಯಾಯಾಮವನ್ನೂ ಸೇರಿಸಿದರೆ ಸುಮಾರು ಶೇ 34. ಬರೀ ನಡಿಗೆಯಿಂದ ಬೀಳುವುದು ಕಡಿಮೆಯಾಗುತ್ತದೆ ಅನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಪಾರ್ಕಿನಲ್ಲಿ ದಿನಾ ನಾಲ್ಕು ಸುತ್ತು ಹಾಕುವ ಯಜಮಾನರಿಗೆ ಈ ಮಾತು ರುಚಿಸುವುದಿಲ್ಲ. ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಆಯ (ಅಂದರೆ ಬ್ಯಾಲೆನ್ಸ್) ತಪ್ಪದಿರಲು ಅದೊಂದೇ ಸಾಲದು, ಅಷ್ಟೇ.

ಒಂದು ಹಳೆಯ ಕತೆ ಹೇಳಿ ಮುಂದೆ ಹೋಗುತ್ತೇನೆ. ಪ್ಯಾರಿಸ್‌ನ ನರರೋಗ ತಜ್ಞ ಶಾರ್ಕೋ ಅವರ ಹತ್ತಿರ ಬರುತ್ತಿದ್ದ ಪಾರ್ಕಿನ್‌ಸನ್ ರೋಗಿಗಳು ರೈಲಿನಲ್ಲೋ ಕುದುರೆ ಗಾಡಿಯಲ್ಲೋ ದೂರ ಹೋಗಿಬಂದ ಮೇಲೆ ಮೈ ಹಗುರ ಅನ್ನುತ್ತಿದ್ದರಂತೆ. ಅದನ್ನು ಹಿಡಿದು ಅವರು ಅಲುಗಾಡುವ ಕುರ್ಚಿಯನ್ನೇ ಮಾಡಿಸಿದರು. 1892ರಲ್ಲಿ ಅದರ ಬಗ್ಗೆ ಉಪನ್ಯಾಸವನ್ನೂ ಕೊಟ್ಟರು. 120 ವರ್ಷದ ನಂತರ ಚಿಕಾಗೋದಲ್ಲಿ ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದರು. ಅಲುಗುವ ಕುರ್ಚಿಯಲ್ಲಿ ಕೂತವರೂ ಸುಧಾರಿಸಿದರು, ಅಲುಗದ ಕುರ್ಚಿಯಲ್ಲಿ ಕೂತವರೂ ಸುಧಾರಿಸಿದರು! ಅಂದರೆ ಸುಧಾರಣೆ ಅಲುಗಾಟದಿಂದಲೇ ಬಂತು ಅನ್ನಲಾಗದು.

ಏನೇನು ಬೇಕು

ಕೈಯಿಲ್ಲದ ಅಥವಾ ಕೈಯಿರುವ ಮರದ ಕುರ್ಚಿ, ಕೂರುವ ಎತ್ತರ ಸುಮಾರು ಒಂದೂವರೆ ಅಡಿ. ಸೆಕೆಂಡ್ ತೋರಿಸುವ ಗಡಿಯಾರ ಅಥವಾ ಮೊಬೈಲ್. ಅಳತೆ ಟೇಪು. ಬಿಪಿ ಮೆಷಿನ್. ಒಂದು ನೋಟ್‌ಬುಕ್. ಮೊದಲ ಎರಡು ವಾರ ಪಕ್ಕದಲ್ಲಿ ನಿಲ್ಲಲು ಒಬ್ಬರು.

ಪ್ಲಾಸ್ಟಿಕ್ ಕುರ್ಚಿ ಬೇಡ. ನಮ್ಮ ಮನೆಗಳಲ್ಲಿ ಇದೇ ದೊಡ್ಡ ಅಪಾಯ. ನುಣುಪಾದ ಟೈಲ್ಸ್ ಮೇಲೆ ಅದರ ಬೆನ್ನು ಹಿಡಿದು ಭಾರ ಬಿಟ್ಟರೆ ಹಿಂದಿನ ಎರಡು ಕಾಲು ಮೆಲ್ಲಗೆ ಅಗಲವಾಗುತ್ತವೆ, ಆಮೇಲೆ ಒಮ್ಮೆಲೇ ಜಾರುತ್ತವೆ. ಮಡಚುವ ಸ್ಟೀಲ್ ಕುರ್ಚಿಯೂ ಬೇಡ. ಮರದ ಕುರ್ಚಿಯನ್ನೂ ಗೋಡೆಗೆ ಒರಗಿಸಿಯೇ ಇಡಿ.

ಹಂತ 1: ಬೀಳುವುದಕ್ಕೆ ಬೇರೆ ಕಾರಣ ಇದೆಯಾ ನೋಡಿ

ವಯಸ್ಸಾಯ್ತು, ಅದಕ್ಕೇ ಬೀಳ್ತಾರೆ ಅನ್ನುವುದು ನಮ್ಮ ಅಭ್ಯಾಸದ ಮಾತು. ಆದರೆ ಎಷ್ಟೋ ಸಲ ಕಾರಣ ಕಾಲಿನಲ್ಲಿ ಇರುವುದೇ ಇಲ್ಲ.

ಬಿಪಿಯನ್ನು ಮಲಗಿಸಿ ನೋಡಿ, ನಿಲ್ಲಿಸಿ ನೋಡಿ. 5 ನಿಮಿಷ ಮಲಗಿದ ಮೇಲೆ ಒಂದು ಸಲ, ಎದ್ದು ನಿಂತ 1 ನಿಮಿಷಕ್ಕೆ ಒಂದು ಸಲ, 3 ನಿಮಿಷಕ್ಕೆ ಇನ್ನೊಂದು ಸಲ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಡಾಕ್ಟರಿಗೆ ತೋರಿಸಿ. ರಾತ್ರಿ ಮೂತ್ರಕ್ಕೆ ಎದ್ದಾಗ ಬೀಳುವವರಲ್ಲಿ ಹಲವರಿಗೆ ಇದೇ ತೊಂದರೆ. ಮಾತ್ರೆಗಳ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ನಿದ್ದೆ ಮಾತ್ರೆ, ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ಶುಗರ್ ತೀರಾ ಇಳಿಸುವ ಮಾತ್ರೆ, ಇವು ಯಾವುದಾದರೂ ಇರಬಹುದು. ನೀವೇ ನಿಲ್ಲಿಸಲು ಹೋಗಬೇಡಿ.

ಪಾದದ ಸ್ಪರ್ಶವನ್ನೂ ನೋಡಬೇಕು. ನಡೆಯುವಾಗ ಚಪ್ಪಲಿ ಕಳಚಿಹೋದದ್ದೂ ಗೊತ್ತಾಗದೆ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಾರಾ? ಹಾಗಿದ್ದರೆ ನರ ದುರ್ಬಲವಾಗಿರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಸಾಮಾನ್ಯ. ಬಹಳ ವರ್ಷ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ತಗೊಂಡವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ವಿಟಮಿನ್ ಕಡಿಮೆಯಾಗಿ ಪಾದ ಜೋಮು ಹಿಡಿಯುವುದೂ ಉಂಟು. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಮಗ್ಗಲು ಬದಲಿಸಿದಾಗ, ತಲೆ ಎತ್ತಿ ಅಟ್ಟ ನೋಡಿದಾಗ ಮನೆಯೇ ಗಿರ್ರನೆ ತಿರುಗಿದಂತಾದರೆ ಅದು ಒಳಕಿವಿಯ ತೊಂದರೆ ಇರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ, ಹಲವರಿಗೆ ಒಂದೆರಡು ಭೇಟಿಯಲ್ಲೇ ಸರಿಹೋಗುತ್ತದೆ. ಇವರನ್ನು ಅಲುಗಾಡುವ ಹಲಗೆ ಮೇಲೆ ನಿಲ್ಲಿಸಬೇಡಿ. ಕಣ್ಣಿನ ಪೊರೆ, ಹಳೆಯ ಕನ್ನಡಕವನ್ನೂ ಮರೆಯಬೇಡಿ.

ಹಂತ 2: ಈಗ ಎಲ್ಲಿದ್ದೀರಿ ಅಂತ ಅಳೆಯಿರಿ

ಮೂರು ಪರೀಕ್ಷೆ, ಹತ್ತು ನಿಮಿಷದ ಕೆಲಸ. ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಮೊದಲನೆಯದು ಎದ್ದು ನಡೆದು ಬರುವುದು. ಕುರ್ಚಿಯಿಂದ 3 ಮೀಟರ್, ಅಂದರೆ ಸುಮಾರು 10 ಅಡಿ ದೂರದಲ್ಲಿ ನೆಲಕ್ಕೆ ಗುರುತು ಹಾಕಿ. ಎದ್ದು, ಮಾಮೂಲಿ ವೇಗದಲ್ಲಿ ಗುರುತಿನ ತನಕ ಹೋಗಿ, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ.

ಎರಡನೆಯದು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಂಬುದು. ಕೈ ಎದೆ ಮೇಲೆ ಅಡ್ಡ ಕಟ್ಟಿಕೊಳ್ಳಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿ ಪ್ರಕಾರ 65ರಿಂದ 69 ವಯಸ್ಸಿನ ಗಂಡಸರು 12, ಹೆಂಗಸರು 11 ಸಲವಾದರೂ ಏಳಬೇಕು. 70ರಿಂದ 74 ಆದರೆ 12 ಮತ್ತು 10. 75ರಿಂದ 79 ಆದರೆ 11 ಮತ್ತು 10. 80ರಿಂದ 84 ಆದರೆ 10 ಮತ್ತು 9. ಕೈ ಊರದೆ ಏಳಲು ಆಗುವುದೇ ಇಲ್ಲವಾದರೆ ಸೊನ್ನೆ ಅಂತ ಬರೆಯಿರಿ. ಬೇಜಾರು ಮಾಡಿಕೊಳ್ಳಬೇಡಿ. ಸೊನ್ನೆಯಿಂದ ಹೊರಟವರಿಗೇ ಎಲ್ಲರಿಗಿಂತ ಬೇಗ ವ್ಯತ್ಯಾಸ ಕಾಣುತ್ತದೆ.

ಮೂರನೆಯದು ನಿಲ್ಲುವುದು. ನಾಲ್ಕು ಭಂಗಿ, ಒಂದೊಂದೂ 10 ಸೆಕೆಂಡ್. ಎರಡು ಪಾದ ಅಕ್ಕಪಕ್ಕ ಜೋಡಿಸಿ. ನಂತರ ಒಂದು ಪಾದವನ್ನು ಅರ್ಧ ಮುಂದಿಟ್ಟು. ನಂತರ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ, ಒಂದೇ ಗೆರೆಯಲ್ಲಿ. ಕೊನೆಗೆ ಒಂಟಿ ಕಾಲಲ್ಲಿ. ಮೂರನೇ ಭಂಗಿಯಲ್ಲಿ 10 ಸೆಕೆಂಡ್ ನಿಲ್ಲಲಾಗದಿದ್ದರೆ ಎಚ್ಚರ ಬೇಕು.

ಮೂರನ್ನೂ ತಾರೀಖಿನ ಜೊತೆ ನೋಟ್‌ಬುಕ್‌ನಲ್ಲಿ ಬರೆದಿಡಿ.

ಹಂತ 3: ಮನೆಯನ್ನು ಒಂದು ಸುತ್ತು ನೋಡಿ

ಬಾಗಿಲ ಹತ್ತಿರದ ಕಾಲೊರಸನ್ನು ಕಾಲಿನಿಂದ ತಳ್ಳಿ ನೋಡಿ. ಜಾರಿದರೆ ತೆಗೆದುಹಾಕಿ, ಅಥವಾ ಅಡಿಗೆ ರಬ್ಬರ್ ಇರುವುದನ್ನು ತನ್ನಿ. ಬಚ್ಚಲಿನಲ್ಲಿ, ಕಮೋಡ್ ಪಕ್ಕದಲ್ಲಿ ಗೋಡೆಗೆ ಸ್ಕ್ರೂ ಹೊಡೆದ ಹಿಡಿಕೆ ಬೇಕು. ಟವೆಲ್ ಹಾಕುವ ಸರಳು ಮೈಭಾರ ತಡೆಯುವುದಿಲ್ಲ. ಮಂಚದಿಂದ ಬಚ್ಚಲಿನ ದಾರಿಗೆ ರಾತ್ರಿ ಸಣ್ಣ ದೀಪ ಇರಲಿ. ಎತ್ತರದ ಹೊಸ್ತಿಲಿದ್ದರೆ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಅಂಟಿಸಿ. ಅರಿಶಿನ ಹಚ್ಚಿದ ಹೊಸ್ತಿಲು ಕಣ್ಣಿಗೆ ಎಷ್ಟು ಚೆನ್ನಾಗಿ ಬೀಳುತ್ತದೆ ನೋಡಿ, ಬಣ್ಣ ಅಷ್ಟು ಎದ್ದು ಕಂಡರೆ ಸಾಕು. ಸವೆದ ಹವಾಯಿ ಚಪ್ಪಲಿಯನ್ನು ಇವತ್ತೇ ಎಸೆಯಿರಿ.

ಹಂತ 4: ವ್ಯಾಯಾಮ

ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪಿಸಿದ ಮನೆ ವ್ಯಾಯಾಮದ ಕ್ರಮವೂ ಸರಿಸುಮಾರು ಇಷ್ಟೇ ಹೊತ್ತಿನದು. ಅಲ್ಲಿ ಬೀಳುವುದು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಕೆಳಗಿನದು ಅದರ ನಕಲಲ್ಲ. ನಮ್ಮ ಮನೆಗಳಿಗೆ ಹೊಂದುವ ಹಾಗೆ ನಾನು ಹೇಳಿಕೊಡುವ ಕ್ರಮ.

ಖಾಲಿ ಹೊಟ್ಟೆಯಲ್ಲಿ ಬೇಡ, ಊಟವಾದ ತಕ್ಷಣವೂ ಬೇಡ. ತಿಂಡಿಯಾದ ಒಂದು ಗಂಟೆಯ ಮೇಲೆ ಸರಿಯಾದ ಹೊತ್ತು. ಸೀರೆ ಆದರೆ ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಳ್ಳಿ. ಪಂಚೆ ಆದರೆ ಮಡಚಿ ಕಟ್ಟಿ. ಕಾಲುಚೀಲ ಮಾತ್ರ ಹಾಕಿ ಟೈಲ್ಸ್ ಮೇಲೆ ನಿಲ್ಲಬೇಡಿ. ಬರಿಗಾಲು ಅಥವಾ ಹಿಮ್ಮಡಿ ಮುಚ್ಚುವ ಶೂ ಒಳ್ಳೆಯದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಶೂ ಹಾಕಿಯೇ ಮಾಡಬೇಕು.

*ಎದ್ದು ಕೂರುವುದು.* ಎಲ್ಲಕ್ಕಿಂತ ಮುಖ್ಯ ಇದು, ಎಲ್ಲರೂ ತಪ್ಪು ಮಾಡುವುದೂ ಇದರಲ್ಲೇ. ಕುರ್ಚಿಯ ಅಂಚಿಗೆ ಬನ್ನಿ. ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಹೆಚ್ಚಿನವರು ಪಾದ ಮುಂದಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಏಳಲು ಹೋಗುತ್ತಾರೆ. ಹಾಗೆ ಮಾಡಿದರೆ ಇಪ್ಪತ್ತರ ಹುಡುಗನಿಗೂ ಏಳಲಾಗುವುದಿಲ್ಲ. ಮುಂದಕ್ಕೆ ಬಾಗಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರಬೇಕು. ಕುಂಡೆ ತಾನಾಗಿ ಹಗುರಾಗುತ್ತದೆ, ಆಗ ಏಳಿ. ಕೂರುವಾಗ ಮೂರು ಎಣಿಸುತ್ತಾ ನಿಧಾನ ಇಳಿಯಿರಿ. ಧೊಪ್ಪನೆ ಕೂತರೆ ಅರ್ಧ ವ್ಯಾಯಾಮ ನಷ್ಟ, ಏಕೆಂದರೆ ಇಳಿಯುವಾಗಲೂ ತೊಡೆಗೆ ಕೆಲಸ ಇದೆ. 8 ಸಲ, ವಿಶ್ರಾಂತಿ, ಮತ್ತೆ 8 ಸಲ. ಮೊದಲ ವಾರ ಕೈ ಊರಿದರೂ ಪರವಾಗಿಲ್ಲ. ತೀರಾ ಕಷ್ಟವಾದರೆ ಮಡಚಿದ ಗಟ್ಟಿ ಕಂಬಳಿ ಹಾಕಿ ಕುರ್ಚಿ ಎತ್ತರಿಸಿ.

ನೆಲದ ಮೇಲೆ ಕೂತು ಊಟ ಮಾಡುವುದನ್ನು ಬಿಡದೆ ಇರುವ ಅಜ್ಜಿಯಂದಿರಿಗೆ ಈ ವ್ಯಾಯಾಮ ನೀರು ಕುಡಿದಷ್ಟು ಸುಲಭ. ಡೈನಿಂಗ್ ಟೇಬಲ್, ಸೋಫಾ ಬಂದ ಮನೆಗಳಲ್ಲೇ ನನಗೆ ಜಾಸ್ತಿ ಕೆಲಸ.

*ಹಿಮ್ಮಡಿ ಎತ್ತುವುದು, ಬೆರಳು ಎತ್ತುವುದು.* ಅಡುಗೆ ಕಟ್ಟೆ ಮುಂದೆ ನಿಂತು ಎರಡೂ ಕೈ ಕಟ್ಟೆ ಮೇಲಿಡಿ. ಎರಡೂ ಹಿಮ್ಮಡಿ ಎತ್ತಿ, ಎರಡು ಎಣಿಸಿ, ಇಳಿಸಿ. 10 ಸಲ. ನಂತರ ಹಿಮ್ಮಡಿ ಊರಿ ಮುಂಗಾಲು ಎತ್ತಿ. ಈ ಎರಡನೆಯದು ತಮಾಷೆಯಂತೆ ಕಂಡರೂ ಬಿಡಬೇಡಿ. ನಡೆಯುವಾಗ ಹೊಸ್ತಿಲಿಗೆ ಬೆರಳು ತಾಗದಂತೆ ಪಾದ ಎತ್ತುವ ಸ್ನಾಯು ಇದೇ. ಎತ್ತುವಾಗ ಸೊಂಟ ಹಿಂದಕ್ಕೆ ಹೋದರೆ ಮೋಸ ಮಾಡುತ್ತಿದ್ದೀರಿ ಅಂತ ಅರ್ಥ.

*ಕಾಲು ಪಕ್ಕಕ್ಕೆ ಎತ್ತುವುದು.* ಕಟ್ಟೆ ಹಿಡಿದು, ಮೈ ವಾಲಿಸದೆ, ಒಂದು ಕಾಲನ್ನು ಪಕ್ಕಕ್ಕೆ ಒಂದು ಗೇಣು ಎತ್ತಿ. ಒಂದೊಂದು ಕಾಲಿಗೆ 8 ಸಲ. ಜಾಸ್ತಿ ಎತ್ತರ ಬೇಕಿಲ್ಲ. ನೀವು ಎತ್ತಿದ ಕಾಲಿಗಿಂತ ಊರಿದ ಕಾಲಿಗೇ ಇಲ್ಲಿ ಜಾಸ್ತಿ ಕೆಲಸ.

*ನಿಲ್ಲುವುದು.* ಹಂತ 2ರಲ್ಲಿ ಯಾವ ಭಂಗಿಯಲ್ಲಿ ಕಷ್ಟವಾಯಿತೋ ಅದನ್ನೇ ಅಭ್ಯಾಸ ಮಾಡಿ. ಮೂಲೆಗೆ ಬೆನ್ನು ಮಾಡಿ ನಿಂತು, ಮುಂದೆ ಕುರ್ಚಿಯ ಬೆನ್ನು ಇರುವಂತೆ ಇಟ್ಟುಕೊಳ್ಳಿ. ಎತ್ತ ವಾಲಿದರೂ ಆಸರೆ ಸಿಗುತ್ತದೆ. ಇಲ್ಲಿ ಮಾತ್ರ ಕುರ್ಚಿಯನ್ನು ಗೋಡೆಗೆ ಒರಗಿಸಲು ಆಗುವುದಿಲ್ಲ, ಅದಕ್ಕೆ ಜೊತೆಗಿರುವವರು ಅದರ ಮೇಲೆ ಕೂತಿರಲಿ. 10 ಸೆಕೆಂಡ್ ನಿಲ್ಲಿ, ಮೂರು ಸಲ. ಎರಡೂ ಕೈ, ನಂತರ ಒಂದು ಕೈ, ನಂತರ ಒಂದೇ ಬೆರಳು, ನಂತರ ಕೈ ಬಿಟ್ಟು. ಆಸರೆ ಕಡಿಮೆ ಮಾಡುತ್ತಾ ಹೋಗುವುದೇ ಇದರ ಪಾಠ. ಎಂಟು ವಾರವಾದರೂ ಕಟ್ಟೆಯನ್ನು ಗಟ್ಟಿಯಾಗಿ ತಬ್ಬಿಕೊಂಡೇ ಮಾಡಿದರೆ ಕಾಲಿಗೆ ಬಲ ಬಂದೀತು, ಆಯ ಬರುವುದಿಲ್ಲ. ಒಂಚೂರು ಅಲುಗಬೇಕು. ಆ ಅಲುಗಾಟವನ್ನು ಸರಿಮಾಡಿಕೊಳ್ಳುವಾಗಲೇ ಕಲಿಕೆ ಆಗುವುದು.

ಕಣ್ಣು ಮುಚ್ಚಿ ನಿಲ್ಲಿ ಅಂತ ಹೇಳುವ ವಿಡಿಯೋಗಳಿವೆ. ಒಬ್ಬರೇ ಇರುವಾಗ ಅದು ಬೇಡ.

*ಪಕ್ಕ ನಡಿಗೆ, ಗೆರೆ ನಡಿಗೆ.* ಕಟ್ಟೆ ಹಿಡಿದು ಏಡಿಯ ಹಾಗೆ ಪಕ್ಕಕ್ಕೆ ನಡೆಯಿರಿ, ಆ ತುದಿಯಿಂದ ಈ ತುದಿಗೆ. ನಂತರ ಟೈಲ್ಸ್ ಗೆರೆ ಮೇಲೆ ಹಿಮ್ಮಡಿ ಬೆರಳಿಗೆ ತಾಗಿಸಿ ಹೆಜ್ಜೆ ಹಾಕಿ. ಕೆಳಗೆ ನೋಡಬೇಡಿ, ಎದುರಿನ ಗೋಡೆ ನೋಡಿ.

*ತಿರುಗುವುದು.* ಹಲವರು ಬೀಳುವುದು ನೇರ ನಡೆಯುವಾಗ ಅಲ್ಲ, ತಿರುಗುವಾಗ. ಯಾರೋ ಕರೆದರು ಅಂತ ಗಕ್ಕನೆ ಹಿಂತಿರುಗಿದಾಗ. ನೆಲದ ಮೇಲೆ ಎರಡು ಚೊಂಬು ಎರಡು ಮೀಟರ್ ದೂರ ಇಟ್ಟು, ಎಂಟರ ಅಂಕಿಯ ಹಾಗೆ ಅವುಗಳ ಸುತ್ತ ನಡೆಯಿರಿ. ತಿರುಗುವಾಗ ಒಂದೇ ಕಾಲಿನ ಮೇಲೆ ಗಿರಕಿ ಹೊಡೆಯದೆ ಸಣ್ಣ ಸಣ್ಣ ಹೆಜ್ಜೆ ಹಾಕಿ. ಸಲೀಸಾದ ಮೇಲೆ ಮಾತನ್ನೂ ಸೇರಿಸಿ: ನಡೆಯುತ್ತಲೇ ದಿನಸಿ ಪಟ್ಟಿ ಹೇಳಿ, ನೂರರಿಂದ ಮೂರು ಮೂರು ಕಳೆಯುತ್ತಾ ಬನ್ನಿ. ಮಾತು ಶುರುವಾದ ತಕ್ಷಣ ನಡಿಗೆ ನಿಂತುಹೋದರೆ, ಅದರ ಅಭ್ಯಾಸವೇ ನಿಮಗೆ ಬೇಕಾಗಿರುವುದು.

ಉಸಿರು ಕಟ್ಟಬೇಡಿ. ಜೋರಾಗಿ ಎಣಿಸಿದರೆ ಉಸಿರು ತಾನಾಗಿ ಹೋಗುತ್ತದೆ. ಎದೆ ನೋವು, ತಲೆಸುತ್ತು, ಕಣ್ಣು ಕತ್ತಲೆ ಬಂದರೆ ತಕ್ಷಣ ಕೂತುಬಿಡಿ, ಅವತ್ತಿಗೆ ಸಾಕು. ತೊಡೆ, ಮೀನಖಂಡ ಒಂದೆರಡು ದಿನ ನೋಯುವುದು ಮಾಮೂಲಿ. ಕೀಲಿನೊಳಗೆ ಚುಚ್ಚಿದಂತೆ ನೋವಾದರೆ ಆ ವ್ಯಾಯಾಮ ಬಿಟ್ಟು ಉಳಿದದ್ದು ಮಾಡಿ, ತೋರಿಸಿ.

ಹಂತ 5: ಎಂಟು ವಾರ ಕೊಡಿ

ಎರಡು ವಾರಕ್ಕೊಮ್ಮೆ ಏನಾದರೊಂದು ಸ್ವಲ್ಪ ಕಷ್ಟ ಮಾಡಿಕೊಳ್ಳಿ, ಒಂದೇ ಒಂದು. ನಾಲ್ಕನೇ ವಾರಕ್ಕೆ ಒಮ್ಮೆ, ಎಂಟನೇ ವಾರಕ್ಕೆ ಒಮ್ಮೆ ಹಂತ 2ರ ಪರೀಕ್ಷೆ ಮತ್ತೆ ಮಾಡಿ. ದೂರದಲ್ಲಿರುವ ಮಕ್ಕಳಿಗೆ ಇಲ್ಲಿ ಕೆಲಸವಿದೆ. ವಾರಕ್ಕೆ ಮೂರು ದಿನ ಅದೇ ಹೊತ್ತಿಗೆ ವಿಡಿಯೋ ಕಾಲ್ ಮಾಡಿ, ನೀವೂ ಜೊತೆಗೆ ಎದ್ದು ಕೂರಿ. ಆರ್ಡರ್ ಹಾಕಿದ ಮೆಷಿನ್ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಆಗಿದ್ದನ್ನು ನಾನು ಕಂಡಿದ್ದೇನೆ. ಮಗಳು ಫೋನಿನಲ್ಲಿ ಎಣಿಸುತ್ತಿರುವಾಗ ವ್ಯಾಯಾಮ ಬಿಟ್ಟ ಅಮ್ಮನನ್ನು ಕಂಡಿಲ್ಲ.

ಹಂತ 6: ಈಗಲೂ ಮೆಷಿನ್ ಬೇಕೆನಿಸಿದರೆ

ಕೈ ಬಿಟ್ಟು, ಎರಡು ಪಾದ ಜೋಡಿಸಿ 10 ಸೆಕೆಂಡ್ ನಿಲ್ಲಲು ಆಗದವರು ಮನೆಯಲ್ಲಿ ಮೆಷಿನ್ ಹತ್ತಬಾರದು. ಅಂಥವರಿಗೆ ಫಿಸಿಯೋಥೆರಪಿ ಕೇಂದ್ರದಲ್ಲಿ, ಹಿಡಿಕೆಯಿರುವ ಮೆಷಿನ್ ಮೇಲೆ, ಪಕ್ಕದಲ್ಲಿ ಒಬ್ಬರು ನಿಂತು ಮಾಡಿಸಬೇಕು. ಕಾಲಿನ ಬಲ ತೀರಾ ಕಡಿಮೆ ಇರುವ, ಮಾಮೂಲಿ ವ್ಯಾಯಾಮ ಮಾಡಲಾಗದವರಿಗೇ ಈ ಹಲಗೆಯಿಂದ ಹೆಚ್ಚು ಪ್ರಯೋಜನ ಅಂತ ನನ್ನ ಅನಿಸಿಕೆ. ಅಂಥವರೇ ಅದನ್ನು ಒಬ್ಬರೇ ಬಳಸಬಾರದವರು ಕೂಡ. ವಿಚಿತ್ರ, ಅಲ್ವಾ?

ಡಾಕ್ಟರನ್ನು ಕೇಳದೆ ಹತ್ತಲೇಬಾರದವರು: ಪೇಸ್‌ಮೇಕರ್ ಇರುವವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಇತ್ತೀಚೆಗೆ ಮೂಳೆ ಮುರಿದವರು ಅಥವಾ ಆಪರೇಷನ್ ಆದವರು, ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರು, ಕಣ್ಣಿನ ಅಕ್ಷಿಪಟಲದ ತೊಂದರೆ ಇರುವವರು, ಈಚೆಗೆ ಪೊರೆ ತೆಗೆಸಿದವರು, ಕಿಡ್ನಿಯಲ್ಲಿ ಅಥವಾ ಪಿತ್ತಕೋಶದಲ್ಲಿ ಕಲ್ಲಿರುವವರು, ಮೂರ್ಛೆ ರೋಗದವರು, ಬೆನ್ನಿನ ಡಿಸ್ಕ್ ನೋವು ಜೋರಿರುವವರು, ಮೂಳೆ ತೀರಾ ಸವೆದವರು, ಪಾದದಲ್ಲಿ ಗಾಯವಿರುವ ಸಕ್ಕರೆ ಕಾಯಿಲೆಯವರು.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಹಿಡಿಕೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಹಲಗೆಗಳಲ್ಲಿ ಹೆಚ್ಚಿನವಕ್ಕೆ ಹಿಡಿಕೆಯೇ ಇಲ್ಲ, ರಿಮೋಟ್ ಮತ್ತು ಎರಡು ರಬ್ಬರ್ ಹಗ್ಗ ಕೊಡುತ್ತಾರೆ. ಹಗ್ಗ ಹಿಡಿದು ಯಾರೂ ಆಯ ಉಳಿಸಿಕೊಳ್ಳಲಾರರು. ಅವು ವಯಸ್ಸಾದವರಿಗೆ ಮಾಡಿದ್ದಲ್ಲ. ಹರ್ಟ್ಸ್ ಮತ್ತು ಮಿಲಿಮೀಟರ್ ಎಷ್ಟು ಅಂತ ಬರೆದಿರಬೇಕು. ಎಷ್ಟು ತೂಕ ತಡೆಯುತ್ತದೆ ಅಂತಲೂ ನೋಡಿ. ಕೆಲವು ಸಾವಿರದಿಂದ ಲಕ್ಷಗಳ ತನಕ ಬೆಲೆ ಇದೆ. ಕೊಳ್ಳುವ ಬದಲು ಫಿಸಿಯೋಥೆರಪಿ ಕೇಂದ್ರದಲ್ಲಿ ಹತ್ತು ಸಲ ಬಳಸಿ ನೋಡುವುದು ಜಾಣತನ.

ಬಳಸುವ ಕ್ರಮ:

1. ಹಲಗೆಯ ಅಡಿಗೆ ರಬ್ಬರ್ ಚಾಪೆ ಹಾಕಿ. ಟೈಲ್ಸ್ ಮೇಲೆ ಬರೀ ಇಟ್ಟರೆ ಅದು ಅಲುಗುತ್ತಾ ಅಲುಗುತ್ತಾ ಜಾಗ ಬಿಟ್ಟು ನಡೆಯುತ್ತದೆ.

2. ಮೆಷಿನ್ ನಿಂತಿರುವಾಗಲೇ ಹತ್ತಿ, ನಿಂತ ಮೇಲೆಯೇ ಇಳಿಯಿರಿ. ರಿಮೋಟ್ ಇನ್ನೊಬ್ಬರ ಕೈಲಿರಲಿ.

3. ಮಂಡಿ ಸ್ವಲ್ಪ ಬಗ್ಗಿಸಿ, 20ರಿಂದ 30 ಡಿಗ್ರಿ. ಸ್ಕೂಟರಿನ ಹಿಂದೆ ಕೂರಲು ಹೊರಟವರ ಹಾಗೆ, ತೀರಾ ಕುಕ್ಕರಿಸಬೇಡಿ. ಮಂಡಿ ನೆಟ್ಟಗೆ ಬಿಗಿದು ನಿಂತರೆ ಅಲುಗಾಟ ಸೀದಾ ತಲೆಗೆ ಹೋಗುತ್ತದೆ. ಹಲ್ಲು ಕಟಕಟ ಅಂದರೆ, ಕಣ್ಣೆದುರಿನ ಅಕ್ಷರ ನಡುಗಿದರೆ ಮಂಡಿ ಇನ್ನಷ್ಟು ಬಗ್ಗಬೇಕು, ಅಥವಾ ವೇಗ ಇಳಿಸಬೇಕು.

4. ಅತಿ ಕಡಿಮೆ ವೇಗದಿಂದ ಶುರು ಮಾಡಿ. 30 ಸೆಕೆಂಡ್ ಅಲುಗಾಟ, 1 ನಿಮಿಷ ವಿಶ್ರಾಂತಿ. ಹೀಗೆ ಮೂರು ಸಲ, ವಾರಕ್ಕೆ ಎರಡು ಅಥವಾ ಮೂರು ದಿನ. ವಾರ ಕಳೆದಂತೆ ಸಲ ಹೆಚ್ಚಿಸಿ, ಆಮೇಲೆ ಸೆಕೆಂಡ್, ವೇಗ ಕೊನೆಗೆ.

5. ಮೂರನೇ ವಾರದಿಂದ ಅದರ ಮೇಲೆ ಹಂತ 4ರ ಕೆಲಸ ಮಾಡಿ: ಮಂಡಿ ಮೆಲ್ಲಗೆ ಬಗ್ಗಿಸಿ ಏಳುವುದು, ಹಿಮ್ಮಡಿ ಎತ್ತುವುದು, ಭಾರವನ್ನು ಎಡದಿಂದ ಬಲಕ್ಕೆ ಬದಲಿಸುವುದು. ಹಿಡಿಕೆ ಬಿಡಬೇಡಿ.

6. ಇಳಿದ ಮೇಲೆ ಒಂದು ನಿಮಿಷ ಕುರ್ಚಿಯಲ್ಲಿ ಕೂರಿ. ಪಾದ ಜುಮ್ಮೆನ್ನುತ್ತಿರುತ್ತದೆ, ನೆಲವೇ ಅಲುಗಿದಂತೆ ಅನ್ನಿಸುತ್ತದೆ. ಎಚ್ಚರ ತಪ್ಪುವುದು ಆಗಲೇ.

"ಹಾಂಗ್‌ಕಾಂಗ್‌ನವರು 20 ನಿಮಿಷ ನಿಂತರಲ್ಲ, ನಾವೂ ನಿಲ್ಲಬಹುದಾ?" ಅಂತ ಕೇಳುತ್ತಾರೆ. ಅವರ ಹಲಗೆಯ ಅಲುಗಾಟ ಮೇಲೆ ನಿಂತವರಿಗೆ ಸಣ್ಣಗೆ ಗುಂಯ್ ಅಂದಷ್ಟೇ. ಜಿಮ್ ಬಗೆಯ ಮೆಷಿನ್ ಅದಕ್ಕಿಂತ ಹಲವು ಪಟ್ಟು ಜೋರು. ಅದರ ಮೇಲೆ 20 ನಿಮಿಷ ನಿಲ್ಲಬೇಡಿ.

ಹಂತ 7: ಬಿದ್ದರೆ ಏಳುವುದನ್ನೂ ಕಲಿಯಿರಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕಾಲಿಗೆ ಬಲ ಬಂದ ಮೇಲೆ, ಚಾಪೆ ಹಾಸಿ, ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡು ಅಭ್ಯಾಸ ಮಾಡಿ. ಅಂಗಾತ ಬಿದ್ದಿದ್ದರೆ ಮೊದಲು ಪಕ್ಕಕ್ಕೆ ಹೊರಳಿ. ಮೊಣಕೈ ಊರಿ, ನಂತರ ಎರಡೂ ಕೈ ಮಂಡಿಗಳ ಮೇಲೆ ಬನ್ನಿ, ಅಂಬೆಗಾಲಿಡುವ ಮಗುವಿನ ಹಾಗೆ. ಹಾಗೇ ಕುರ್ಚಿಯ ಅಥವಾ ಮಂಚದ ತನಕ ಹೋಗಿ. ಎರಡೂ ಕೈ ಅದರ ಮೇಲೆ. ಬಲವಿರುವ ಕಾಲಿನ ಪಾದವನ್ನು ಮುಂದೆ ಊರಿ, ಒತ್ತಿ ಎದ್ದು, ತಿರುಗಿ ಕೂತುಕೊಳ್ಳಿ. ನಿಲ್ಲಲು ಅವಸರ ಬೇಡ.

ನಿಜವಾಗಿ ಬಿದ್ದಾಗ ಏಳುವ ಮೊದಲು ಒಂದು ನಿಮಿಷ ಹಾಗೇ ಇರಿ. ತೊಡೆಸಂದಿಯಲ್ಲಿ ಜೋರು ನೋವಿದ್ದರೆ, ಒಂದು ಕಾಲು ಗಿಡ್ಡವಾದಂತೆ ಹೊರಕ್ಕೆ ತಿರುಗಿದ್ದರೆ ಏಳಲೂ ಬೇಡಿ, ಎತ್ತಲೂ ಬಿಡಬೇಡಿ. ತೋಳು ಹಿಡಿದು ಎಳೆದು ನಿಲ್ಲಿಸುವುದು ಮನೆಯವರು ಪ್ರೀತಿಯಿಂದಲೇ ಮಾಡುವ ತಪ್ಪು. ಬೆಚ್ಚಗೆ ಹೊದಿಸಿ 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟಾಗಿ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಚೆನ್ನಾಗಿಯೇ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಒಬ್ಬರೇ ಇರುವ ಹಿರಿಯರು ಮೊಬೈಲನ್ನು ಮೇಜಿನ ಮೇಲೆ ಬಿಡಬೇಡಿ. ನೆಲದಲ್ಲಿ ಬಿದ್ದವರಿಗೆ ಮೇಜು ಬಹಳ ಎತ್ತರ. ಸಣ್ಣ ಬಟ್ಟೆ ಚೀಲದಲ್ಲಿ ಹಾಕಿ ಕುತ್ತಿಗೆಗೆ ನೇತುಹಾಕಿಕೊಳ್ಳಿ. ಅದರಲ್ಲಿ ಪಕ್ಕದ ಮನೆಯವರ ನಂಬರ್ ಮೊದಲು ಇರಲಿ, ಅಮೆರಿಕದ ಮಗನದ್ದು ಆಮೇಲೆ. ಹಿರಿಯರ ಸಹಾಯವಾಣಿ 14567 ಕೂಡ ಸೇರಿಸಿಕೊಳ್ಳಿ.